ಸಿಮೆಂಟಿನ ಕಾಲು

“ಕಾಲು ಚಾಚೇ ಅಂದ್ರೆ ಮೂತಿ ಚಾಚ್ತೀಯಲ್ಲೇ, ಮುಂಡೇದೆ! ನಿನ್ನ ಮೂತಿ ನೋಡೋಕೆ ಸಾಹೇಬ್ರು ಇಷ್ಟು ಬೆಟ್ಟ ಹತ್ತಿ ಬಂದಿದಾರಾ?”

ಮೇಸ್ತ್ರಿ ಕೋಲಿನ ತುದಿಯಿಂದ ಕೂಲಿ ಹೆಂಗಸು ಪಟಾಕಿಯ ಪಾದವನ್ನು ತಳ್ಳಿ ಸ್ಟೂಲಿನ ಮೇಲೆ ಇಡಿಸಿದ. ಸ್ಟೂಲಿಗೆ ಹಾಸಿದ ಟವೆಲ್ಲಿನ ಮೇಲೆ ಸಿಮೆಂಟಿನ ಕಾಲೊಂದು ಮಲಗಿತ್ತು. ಅದು ದೊಡ್ಡ ಬೂಟಿನ ತಳದ ಅಚ್ಚು. ತಳದ ಗೀರುಗಳು, ಹಿಮ್ಮಡಿಯ ಮೊಳೆಗಳು ಕೂಡ ಎದ್ದು ಕಾಣುತ್ತಿದ್ದವು. ಅದರ ಮೇಲೆ ಪಟಾಕಿಯ ಪಾದ ದೋಣಿಯಲ್ಲಿ ಕೂತ ಕಪ್ಪೆಯ ಹಾಗೆ ಕಂಡಿತು.

“ಮೂತಿನೂ ನಂದೇ, ಕಾಲೂ ನಂದೇ. ಯಾವ್ದು ಬೇಕು ಅಂತ ಮೊದ್ಲೇ ಬಾಯಿಬಿಟ್ಟು ಹೇಳ್ಬೇಕಪ್ಪ ಮೇಸ್ತ್ರಿ,” ಅಂದಳು ಪಟಾಕಿ. ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

“ಸಾಕು, ಇಳಿಸು. ಒರೆಸೋ!”

ಒರೆಸುವವನು ಮೂಗಿಯ ಗಂಡ. ಕಲ್ಲು ಒಡೆಯುವ ಆ ಅಂಗಳದಲ್ಲಿ ಗಾರೆ ಕೆಲಸ ಬಲ್ಲವನು ಅವನೊಬ್ಬನೇ. ಅದಕ್ಕೇ ಬೆಟ್ಟದ ಮೇಲಿನ ಕೆಸರಿನಲ್ಲಿದ್ದ ಹೆಜ್ಜೆ ಗುರುತಿಗೆ ಸಿಮೆಂಟು ಸುರಿದು ಈ ಕಾಲನ್ನು ಎತ್ತಿ ತಂದದ್ದೂ ಅವನೇ. ಒಬ್ಬೊಬ್ಬ ಕೂಲಿಯ ಪಾದ ತಾಗಿದ ಮೇಲೂ ಅವನು ಆಸ್ಪತ್ರೆಯ ವಾಸನೆಯ ನೀರಿನಲ್ಲಿ ಬಟ್ಟೆ ಅದ್ದಿ ಸಿಮೆಂಟಿನ ಕಾಲನ್ನು ಒರೆಸಬೇಕಿತ್ತು. ಸಾಕ್ಷಿ ಕೊಳೆಯಾಗಬಾರದು ಅಂತ ಸಾಹೇಬರ ಹುಕುಂ.

ಮೂಗಿ ಸಾಲಿನಲ್ಲಿ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳು ಮೂಗಿಯೇನಲ್ಲ. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ, ಅಷ್ಟೆ. ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ ಹಾಗೆ ಕರೆದರು, ಬೇಡ ಅನ್ನುವುದಕ್ಕೂ ಅವಳಿಗೆ ಬಾಯಿ ಬರಲಿಲ್ಲ, ಹೆಸರು ಉಳಿದುಬಿಟ್ಟಿತು. ಈಗ ಅವಳಿಗೆ ತುಂಬು ತಿಂಗಳು.

ಕಾಡಿನ ಇಲಾಖೆಯ ಸಾಹೇಬರು ತಗಡಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪಕ್ಕದಲ್ಲಿದ್ದ ಧಣಿಗೆ ವಿವರಿಸುತ್ತಿದ್ದರು. ಅಂಗಳ, ಲಾರಿ, ಕಲ್ಲು, ಕೂಲಿಗಳ ಲೈನ್ ಮನೆಗಳು ಎಲ್ಲವೂ ಧಣಿಯದು.

“ಈ ಹೆಜ್ಜೆಯ ಆಳು ಕಮ್ಮಿ ಅಂದ್ರೂ ಆರೂವರೆ ಅಡಿ ಇದಾನೆ ನೋಡಿ. ಕುಡೀತಾನೆ, ಹೆಜ್ಜೆ ಓಲಾಡುತ್ತೆ. ವಿಚಿತ್ರ ಏನಂದ್ರೆ, ಒಂದಿನ ದಪ್ಪಗಿರ್ತಾನೆ, ಮಾರನೇ ದಿನ ಸಣ್ಣಗಾಗಿರ್ತಾನೆ.”

“ಅದು ಹೇಗೆ ಸಾರ್?”

“ಕಾಯಿಲೆ ಇರ್ಬೇಕು.”

“ಕಾಯಿಲೆ ನನ್ಮಗ ಬೆಟ್ಟದ ಮೇಲೆ ನಾನು ಹೊಡೆಸಿದ ಗೂಟ ಕೀಳ್ತಾನಾ?”

“ಇನ್ನೂ ಕೇಳಿ. ಹೋದ ವಾರ ಒಂದಿನ ಎಡಗಾಲಿನ ಗುರುತು ಬಲಗಡೆ ಇದೆ, ಬಲಗಾಲಿಂದು ಎಡಗಡೆ. ಅಂದ್ರೆ ಕಾಲು ಕತ್ತರಿ ಹಾಕ್ಕೊಂಡೇ ಇಡೀ ಬೆಟ್ಟ ಸುತ್ತಿದಾನೆ. ಸಾಮಾನ್ಯದವನಲ್ಲ, ಎಲ್ಲೋ ತರಬೇತಿ ತಗೊಂಡಿದಾನೆ.”

ಮೂಗಿ ತಲೆ ತಗ್ಗಿಸಿದಳು. ಅವತ್ತು ಅತ್ತೆ ಅವಸರದಲ್ಲಿ ಬೂಟನ್ನು ಅದಲು ಬದಲು ಹಾಕಿಕೊಂಡು ಹೋಗಿದ್ದಳು. ಬಂದವಳು ಬೆರಳು ನೋವೆಂದು ಸೊಸೆಯ ಕೈಲಿ ಕಾಲು ಒತ್ತಿಸಿಕೊಂಡಿದ್ದಳು.

ಬೂಟಿನ ಕಥೆ ಇಷ್ಟೇ. ಆ ಬೆಟ್ಟಕ್ಕೆ ಹಿಂದೆ ಒಬ್ಬ ಗಾರ್ಡ್ ಇದ್ದ. ಲಾರಿಗಳನ್ನು ತಡೆ ಅನ್ನುತ್ತಿತ್ತು ಇಲಾಖೆ, ತಡೆದರೆ ಯಾಕೆ ತಡೆದೆ ಅಂತಲೂ ಕೇಳುತ್ತಿತ್ತು. ಒಂದು ದಿನ ಅವನು ಹೊಳೆಯ ನಡುವಿನ ಬಂಡೆಯ ಮೇಲೆ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹೋದವನು ತಿರುಗಿ ಬರಲಿಲ್ಲ. ಬೂಟನ್ನು ಅತ್ತೆ ಮನೆಗೆ ತಂದಳು, ಈರುಳ್ಳಿ ಹಾಕಿಡಲು ಚೆನ್ನಾಗಿರುತ್ತದೆ ಅಂತ.

ಆ ವಾರವೇ ಹೊಳೆಯ ತಲೆಯಲ್ಲಿ ಮರ ಕೊಯ್ಯುವ ಸದ್ದು ಕೇಳಿತು. ಹೊಳೆಯ ತಲೆ ಅಂದರೆ ಬೆಟ್ಟದ ಮೇಲೆ ನೀರು ಹುಟ್ಟುವ ಜಾಗ. ಸುತ್ತ ಹಳೆಯ ಮರಗಳು ಒಂದರ ಬೇರು ಇನ್ನೊಂದು ಹಿಡಿದುಕೊಂಡು ನಿಂತಿದ್ದವು. ಲೈನ್ ಮನೆಗಳಿಗೆ ಇದ್ದ ಒಂದೇ ನಲ್ಲಿಗೆ ನೀರು ಬರುತ್ತಿದ್ದದ್ದು ಅಲ್ಲಿಂದ. ಅತ್ತೆಗೆ ಏನು ತೋಚಿತೋ, ಈರುಳ್ಳಿ ಸುರಿದು, ಬೂಟಿಗೆ ಚಿಂದಿ ತುಂಬಿ, ಕಾಲು ತೂರಿಸಿ, ಧಪ್ ಧಪ್ ಅಂತ ಹತ್ತಿದಳು. ಬೂಟಿನ ಸದ್ದು ಕೇಳಿದ್ದೇ ತಡ, ಕಳ್ಳರು ಗರಗಸ ಬಿಟ್ಟು ಓಡಿದರು. ಆ ಗರಗಸದಲ್ಲಿ ಈಗಲೂ ಲೈನಿನವರು ಸೌದೆ ಕೊಯ್ಯುತ್ತಾರೆ.

ಅಂದಿನಿಂದ ಬೂಟು ಮನೆಯಿಂದ ಮನೆಗೆ ಹೋಗುತ್ತಿತ್ತು. ಬೆಳಿಗ್ಗೆ ಯಾರ ಬಾಗಿಲಲ್ಲಿ ಬೂಟು ಕೂತಿರುತ್ತದೋ ಅವತ್ತು ಅವರು ಹೊಳೆ ಕಾಯಬೇಕು. ಕಡಿಯಬೇಕಾದ ಮರಗಳ ಬುಡಕ್ಕೆ ಧಣಿಯ ಆಳುಗಳು ಗುರುತಿಗೆಂದು ಹೊಡೆದು ಹೋದ ಕೆಂಪು ಗೂಟಗಳನ್ನು ಕಿತ್ತು ತರಬೇಕು. ಬಣ್ಣ ಬಳಿದ ಗೂಟ ಒಲೆಯಲ್ಲಿ ಬಹಳ ಚೆನ್ನಾಗಿ ಉರಿಯುತ್ತಿತ್ತು. ಇನ್ನೊಂದು ಕಟ್ಟಳೆಯೂ ತಾನಾಗಿ ಬೆಳೆಯಿತು: ಬೂಟು ಹಾಕಿದವರ ಮಾತಿಗೆ ಎದುರಾಡುವ ಹಾಗಿಲ್ಲ. ಮೂಗಿಯ ಮೊದಲ ಸರದಿಯ ದಿನ ಅತ್ತೆಯೇ ಹೊಳೆಯ ತಲೆಯಲ್ಲಿ ಹಸಿ ಕೊಂಬೆ ಮುರಿಯುತ್ತ ಸಿಕ್ಕಿಬಿದ್ದಿದ್ದಳು. ಸೊಸೆಗೆ ಬಾಯಿ ಬರಲಿಲ್ಲ. ಬೂಟನ್ನು ನೆಲಕ್ಕೆ ಒಮ್ಮೆ ಅಪ್ಪಳಿಸಿದಳು. ಅತ್ತೆ ಕೊಂಬೆ ಕೆಳಗೆ ಹಾಕಿ, “ಆಯ್ತು ಕಣಮ್ಮ ಬೂಟಮ್ಮ,” ಅಂದು ತಲೆ ತಗ್ಗಿಸಿ ನಡೆದಳು. ಸಂಜೆ ಬೂಟು ಬಿಚ್ಚಿದ ಕೂಡಲೇ, “ಅನ್ನಕ್ಕಿಡೋದಕ್ಕೆ ನಿಮ್ಮಪ್ಪ ಬರ್ತಾನಾ?” ಅಂತ ಬಡ್ಡಿ ಸಮೇತ ತೀರಿಸಿಕೊಂಡಳು.

ಹಗಲಿಡೀ ಹೊಳೆಯ ಕಲ್ಲನ್ನೇ ಒಡೆದು ಧಣಿಯ ಲಾರಿಗೆ ತುಂಬುವ ಜನ ಅದೇ ಹೊಳೆಯನ್ನು ಸರದಿ ಮೇಲೆ ಕಾಯುವುದು ಹುಚ್ಚಾಟವೇ. ಅವರಿಗೂ ಅದು ಗೊತ್ತಿತ್ತು. ಆದರೆ ಹಿಂದೆ ಎರಡು ಬೆಟ್ಟಗಳಲ್ಲಿ ಕಲ್ಲು ಒಡೆದು, ಮರ ಹೋಗಿ, ಹೊಳೆ ಬತ್ತಿ, ಧಣಿಯ ಹಿಂದೆ ಗಂಟುಮೂಟೆ ಹೊತ್ತು ಬಂದವರು ಅವರು. ಎರಡನೆಯ ಕಡೆ ಕುಡಿಯಲು ಲಾರಿಯಲ್ಲಿ ನೀರು ತಂದು ಸುರಿಯುತ್ತಿದ್ದರು. ಆ ನೀರು ಕುಡಿದು ಮೂಗಿಯ ಮೊದಲ ಕೂಸು ವಾಂತಿ ಮಾಡುತ್ತಲೇ ತೀರಿಹೋಯಿತು. ಇಲ್ಲಿಗೆ ಬಂದ ದಿನ ಅವಳು ನಲ್ಲಿಗೆ ಬಾಯಿಟ್ಟು ಕುಡಿದು, ಬಹಳ ಹೊತ್ತು ಅದರ ಕೆಳಗೇ ಕೂತಿದ್ದಳು.

ಈಗ ಧಣಿಗೆ ದೊಡ್ಡ ಕಂಟ್ರಾಕ್ಟು ಸಿಕ್ಕಿತ್ತು. ಅಂಗಳದ ಗೇಟಿಗೆ ಹಸಿರು ಬೋರ್ಡು ಬಂದಿತ್ತು: ‘ನದಿ ಸಂರಕ್ಷಣಾ ಕೇಂದ್ರ, ಕಾಮಗಾರಿ ಪ್ರಗತಿಯಲ್ಲಿದೆ.’ ಹೊಳೆಯ ತಲೆಯಲ್ಲಿ ಮರ ಕಡಿದು, ನೀರಿನ ಬಾಯಿಗೆ ಚಪ್ಪಡಿ ಮುಚ್ಚಿ, ಅದರ ಮೇಲೆ ಎರಡು ಅಂತಸ್ತಿನ ಕಟ್ಟಡ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯ ಗೊಂಬೆ ಇರುತ್ತದಂತೆ, ಕರೆಂಟಿನಲ್ಲಿ ಹರಿಯುತ್ತದಂತೆ. ಸಿಮೆಂಟಿನ ಮೂಟೆಗಳು ಅಂಗಳದಲ್ಲಿ ಗೋಡೆಯಂತೆ ಎದ್ದಿದ್ದವು. ಮರ ಕೊಯ್ಯಲು ದೂರದಿಂದ ಕರೆಸಿದ ಆಳುಗಳು ಮಾತ್ರ ಲಾರಿಯಿಂದ ಇಳಿಯಲು ಒಪ್ಪಲಿಲ್ಲ. “ಆ ಬೂಟಿನವನನ್ನ ಹಿಡೀರಿ, ಆಮೇಲೆ ಹತ್ತತೀವಿ,” ಅಂದರು. ಅದಕ್ಕೇ ಈ ಕಾಲಿನ ಪಂಚಾಯಿತಿ.

“ಏ ಮೂಗಿ! ನಿಂಗೇನು ಆರತಿ ಎತ್ತಿ ಕರೀಬೇಕಾ?”

ಮೂಗಿ ಪಾದ ಎತ್ತಿಟ್ಟಳು. ಗಂಡ ಅವಳ ಮುಖ ನೋಡಲಿಲ್ಲ. ಸಿಮೆಂಟಿನ ಕಾಲಿನ ಹಿಮ್ಮಡಿಯ ಎಡಬದಿ ಕೆಸರಿನಲ್ಲಿ ತುಸು ಎಳೆದ ಗುರುತಿತ್ತು. ಹಾಗೆ ಎಳೆದು ನಡೆಯುವವಳು ಲೈನಿನಲ್ಲಿ ಒಬ್ಬಳೇ. ಅಚ್ಚು ತೆಗೆದ ದಿನ ಅವನು ಅನ್ನದ ಮುಂದೆ ಕೂತು, “ನಿನ್ನ ಕಾಲನ್ನೇ ಹೊತ್ಕೊಂಡು ಬಂದೆ ಕಣೇ,” ಅಂದಿದ್ದ.

“ಇದೇನ್ರೀ, ಕಾಲಾ ಇಲಿಮರೀನಾ?” ಸಾಹೇಬರು ನಕ್ಕರು. “ಮುಂದಕ್ಕೆ ಕಳ್ಸಿ.”

ಮುಂದಕ್ಕೆ ಬಂದವಳು ಅತ್ತೆ. ಎರಡು ಕೈಯಲ್ಲೂ ಕೋಲು ಹಿಡಿದು, ಒಂದೊಂದು ಹೆಜ್ಜೆಗೂ ಅಯ್ಯಯ್ಯೋ ಅನ್ನುತ್ತ ಬಂದಳು. ಮೊಣಕಾಲಿನವರೆಗೆ ಹಳೆಯ ಬಟ್ಟೆ ಸುತ್ತಿತ್ತು. ಕಾಲುಗಳು ಕುಂಬಳಕಾಯಿಯ ಹಾಗೆ ಊದಿದ್ದವು. ಮೂಗಿ ಆ ಬಟ್ಟೆಯನ್ನೇ ನೋಡಿದಳು. ಬೆಳಿಗ್ಗೆ ಬೂಟು ಅವರ ಬಾಗಿಲಲ್ಲೇ ಕೂತಿತ್ತು, ಸರದಿ ಮೂಗಿಯದು. ಮೇಸ್ತ್ರಿಯ ಆಳುಗಳು ಮನೆಮನೆ ಹೊಕ್ಕು ಬೂಟು ಹುಡುಕುತ್ತ ಪಾತ್ರೆ ಉರುಳಿಸುತ್ತಿದ್ದಾಗ ಅತ್ತೆ, “ನೀನು ನಡಿ, ನಾನು ಬರ್ತೀನಿ,” ಅಂದು ಒಳಗೆ ಉಳಿದಿದ್ದಳು.

“ಏನಾಗಿದೆಯೇ ಮುದುಕಿ?”

“ಆನೆಕಾಲು ಸಾಹೇಬ್ರೇ. ಕೀವು ಸೋರ್ತಾ ಇದೆ. ಹತ್ರ ಬಂದವರಿಗೂ ಅಂಟುತ್ತಂತೆ, ಡಾಕ್ಟ್ರು ಹೇಳಿದಾರೆ. ಬಿಚ್ಲಾ?”

ಸಾಹೇಬರು ಕುರ್ಚಿ ಸಮೇತ ಹಿಂದೆ ಸರಿದರು. ಧಣಿ ಮೂಗು ಮುಚ್ಚಿಕೊಂಡ.

“ಬೇಡ, ಬೇಡ! ಆಚೆ ಹಾಕ್ರೋ ಇದನ್ನ!”

“ಬಿಚ್ತೀನಿ ಸಾಹೇಬ್ರೇ, ಕಾನೂನು ಕಾನೂನೇ...”

“ಹೋಗೇ ಅಂದ್ರೆ!”

ಅತ್ತೆ ಬೂಟುಗಾಲಲ್ಲಿ ಸಾಹೇಬರ ಮುಂದೆಯೇ ಹಾದು, ಸಿಮೆಂಟು ಮೂಟೆಯ ಮೇಲೆ ಮಹಾರಾಣಿಯಂತೆ ಕೂತಳು. ಪಟಾಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಸಾಲು ಮುಗಿಯಿತು. ಯಾರ ಕಾಲೂ ಹೊಂದಲಿಲ್ಲ. ಸಾಹೇಬರಿಗೆ ಬೆವರಿತ್ತು. “ನಿಮಗೆ ಕಾಲಿಡೋದಕ್ಕೂ ಬರಲ್ಲ,” ಅಂದು ಎದ್ದರು. “ಮೈ ಮುದುರಿ ಇಟ್ರೆ ಕಾಲೂ ಮುದುರುತ್ತೆ. ಹೀಗೆ, ನೆಟ್ಟಗೆ ಇಡ್ಬೇಕು.” ತಮ್ಮ ಬೂಟುಗಾಲನ್ನು ಸಿಮೆಂಟಿನ ಕಾಲಿನ ಮೇಲೆ ಇಟ್ಟು ತೋರಿಸಿದರು.

ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಗೀರಿಗೆ ಗೀರು ಕೂತಿತು, ಮೊಳೆಗೆ ಮೊಳೆ ಕೂತಿತು. ಒಂದೇ ಇಲಾಖೆಯ ಬೂಟುಗಳಲ್ಲವೇ.

ಪಟಾಕಿಗೆ ಸೆರಗು ಸಾಲಲಿಲ್ಲ, ಗೊಳ್ಳೆಂದು ನಕ್ಕುಬಿಟ್ಟಳು.

ಧಣಿ ಮೆಲ್ಲಗೆ ಎದ್ದ. “ಓಹೋ! ಗೂಟ ಕಿತ್ತವರು ನೀವೇನಾ? ನಾನು ಕೊಟ್ಟಿದ್ದು ಸಾಲದೇ ಹೋಯ್ತು ಅಂತ ಈ ಆಟಾನಾ ಸಾರ್?”

“ಬಾಯಿಗೆ ಬಂದಂಗೆ ಮಾತಾಡ್ಬೇಡ್ರಿ! ನಂಗೇನು ಕಾಯಿಲೆನಾ, ನಿಮ್ಮ ಗೂಟ ಕೀಳೋಕೆ?”

“ಕಾಯಿಲೆ ಅಂತ ನೀವೇ ಅಂದ್ರಲ್ಲ! ದಿನಾ ದಪ್ಪ ಆಗ್ತಾನೆ, ಕುಡೀತಾನೆ ಅಂತ!”

ಧಣಿಯ ಕಣ್ಣು ಸಾಹೇಬರ ಹೊಟ್ಟೆಯ ಮೇಲಿತ್ತು. ಸಾಹೇಬರು ಹೊಟ್ಟೆಯನ್ನು ಒಳಗೆ ಎಳೆದುಕೊಂಡರು. ನಿನ್ನ ಕಂಟ್ರಾಕ್ಟು ಕ್ಯಾನ್ಸಲ್ ಮಾಡಿಸ್ತೀನಿ ಅಂದರು ಇವರು, ನಿಮ್ಮ ಬಂಡವಾಳ ಮೇಲಿನವರಿಗೆ ಹೇಳ್ತೀನಿ ಅಂದ ಅವನು. ಸಾಲಿನಲ್ಲಿ ನಿಂತವರು ಅತ್ತಿಂದಿತ್ತ ತಲೆ ತಿರುಗಿಸಿ ಚೆಂಡಾಟ ನೋಡಿದ ಹಾಗೆ ನೋಡಿದರು. ಕೊನೆಗೆ ಇಬ್ಬರಿಗೂ ಏಕಕಾಲದಲ್ಲಿ ಒಂದೇ ವಿಚಾರ ಹೊಳೆದಂತೆ ಕಂಡಿತು. ಇಬ್ಬರೂ ಮೂಗಿಯ ಗಂಡನ ಕಡೆ ತಿರುಗಿದರು.

“ಯಾವನೋ ಈ ಕಾಲು ಮಾಡಿದ್ದು?”

“ನಾನೇ ಸಾಹೇಬ್ರೇ. ನೀವೇ ಹೇಳಿದ್ರಿ...”

ಸಾಹೇಬರ ಕೈ ಅವನ ಕೆನ್ನೆಗೆ ಬಿತ್ತು. “ಬೋಳಿಮಗನೆ! ಸರ್ಕಾರದ ಕಾಲು ಮಾಡು ಅಂದಿದ್ನಾ? ಕಳ್ಳನ ಕಾಲು ಮಾಡು ಅಂದ್ರೆ ನನ್ನ ಕಾಲು ಮಾಡ್ತೀಯಾ? ಒಡಿ ಅದನ್ನ!”

ಅವನು ಸುತ್ತಿಗೆ ತಂದು ಒಡೆದ. ಮೂರು ಏಟಿಗೂ ಬಿರುಕು ಬಿಡಲಿಲ್ಲ, ಒಳ್ಳೆಯ ಕೆಲಸಗಾರ. ಪುಡಿಯಾದ ಮೇಲೆ ಸಾಹೇಬರು ನಿರಾಳವಾದರು.

“ಈಗ ಹೊಸದು ಮಾಡು. ನಾನು ಊಟ ಮಾಡಿ ಬರೋ ಹೊತ್ತಿಗೆ ತಯಾರಿರ್ಬೇಕು. ಈ ಸಾಲಲ್ಲಿ ಇದ್ದವರಿಗೆ ಸರಿಯಾಗಿ ಹೊಂದೋ ಅಂಥ ಕಾಲು.”

“ಯಾರಿಗೆ ಹೊಂದೋದು ಸಾಹೇಬ್ರೇ?”

“ಅದನ್ನೂ ನಾನೇ ಹೇಳ್ಬೇಕೇನೋ? ನಿಮ್ಮ ಜನ ನಿನಗೆ ಗೊತ್ತಿಲ್ವಾ? ಯಾರ್ದಾದ್ರೂ ಮಾಡು. ಅವನನ್ನ ಒಳಗೆ ಹಾಕ್ತೀವಿ, ಇವರು ಮರ ಕೊಯ್ತಾರೆ. ಮಾಡಲಿಲ್ಲ ಅಂದ್ರೆ ನಿನ್ನನ್ನೇ ಹಾಕ್ತೀವಿ. ಸಿಂಪಲ್.”

ಧಣಿ, ಸಾಹೇಬರು ತಗಡಿನ ಆಫೀಸಿನೊಳಗೆ ಊಟಕ್ಕೆ ಹೋದರು. ಬಡಿಸಲು ಮೇಸ್ತ್ರಿಯೂ ಹಿಂದೆ ಹೋದ. ಅಂಗಳದಲ್ಲಿ ಕೂಲಿಗಳೂ, ಲಾರಿಯ ಮೇಲೆ ಕೂತ ಮರ ಕೊಯ್ಯುವವರೂ ಉಳಿದರು.

ಮೂಗಿಯ ಗಂಡ ಬಾಣಲೆಯಲ್ಲಿ ಸಿಮೆಂಟು ಹಾಕಿ ನೀರು ಕಲಸತೊಡಗಿದ. ಎಲ್ಲರೂ ತಮ್ಮ ತಮ್ಮ ಪಾದಗಳನ್ನು ನೋಡಿಕೊಂಡರು. ಯಾರೋ ಮೆಲ್ಲಗೆ ಪಾದವನ್ನು ಮಣ್ಣಿನೊಳಗೆ ಹುದುಗಿಸಿದರು.

“ನಂದೇ ಮಾಡ್ಕೋತೀನಿ,” ಅಂದ ಅವನು. “ಏನಾದ್ರಾಗ್ಲಿ. ಕೂಸು ಹುಟ್ಟೋದ್ರೊಳಗೆ ಬಿಟ್ರೂ ಬಿಟ್ಟಾರು.”

“ಬಿಡ್ತಾರೆ, ಬಿಡ್ತಾರೆ. ನಿನ್ನ ಕೂಸಿನ ಮದುವೆಗೆ,” ಅಂದಳು ಪಟಾಕಿ. ಈ ಸಲ ಅವಳ ದನಿಯಲ್ಲಿ ಸಿಡಿಯುವುದೇನೂ ಇರಲಿಲ್ಲ.

ಮೂಗಿ ಅತ್ತೆಯ ಮುಂದೆ ಹೋಗಿ ಕೂತಳು. ಅತ್ತೆಯ ಕಾಲಿನ ಬಟ್ಟೆಯ ಗಂಟಿಗೆ ಕೈ ಹಾಕಿದಳು.

ಅತ್ತೆ ಅವಳ ಕೈ ಹಿಡಿದಳು. ಲಾರಿಯ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದಳು: “ಹುಚ್ಚೀ, ಅವರು ನೋಡಿದ್ರೆ ಮುಗೀತು. ಬೂಟಿನವನು ಅಂದ್ರೆ ನೀನು ನಾನು ಅಂತ ಗೊತ್ತಾದ್ರೆ ಇನ್ಯಾವನು ಹೆದರ್ತಾನೆ?”

“ಇವತ್ತು ಸರದಿ ನಂದು ಅತ್ತೆ,” ಅಂದಳು ಮೂಗಿ.

ಅತ್ತೆ ಕೈ ಬಿಟ್ಟಳು.

ಬಟ್ಟೆ ಸುರುಳಿ ಸುರುಳಿಯಾಗಿ ಬಿಚ್ಚಿತು. ಬೂಟು ಹೊರಬಂತು. ಲಾರಿಯ ಮೇಲಿನವರು ಎದ್ದು ನಿಂತರು. ಮೂಗಿ ಚಿಂದಿ ತುಂಬಿ, ಕಾಲು ತೂರಿಸಿ, ದೊಡ್ಡ ಹೊಟ್ಟೆ ಹೊತ್ತು ಅಂಗಳದ ಉದ್ದಕ್ಕೂ ಧಪ್ ಧಪ್ ಅಂತ ನಡೆದಳು. ಎಡಗಾಲು ಎಳೆಯುತ್ತಿತ್ತು. ಬೆಟ್ಟಕ್ಕೆ ಹೋಗುವ ದಾರಿ ಶುರುವಾಗುವ ಗೇಟಿನ ಹತ್ತಿರ ನಿಂತಳು. ಅಲ್ಲಿ ಒಂದು ಕಡೆ ಬಂಡೆ, ಒಂದು ಕಡೆ ಹೊಳೆಯ ಇಳಿಜಾರು, ನಡುವೆ ಒಂದೇ ಒಂದು ಲಾರಿ ಹಿಡಿಸುವಷ್ಟು ದಾರಿ.

“ಇವ್ಳಾ?” ಅಂದ ಲಾರಿಯಲ್ಲಿ ಒಬ್ಬ. “ಥೂ, ಇವ್ಳಿಗೆ ಹೆದರಿ ಎರಡು ದಿನದಿಂದ ಲಾರೀಲಿ ಮಲಗಿದ್ವಾ?”

ಮೂಗಿ ಗಂಡನಿಗೆ ಹೇಳಿದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

“ಬಾಣಲೆ ಸಾಕಾಗಲ್ಲ. ಮೂಟೆ ತಗೊಂಡು ಬಾ. ಎಲ್ಲಾ ಮೂಟೆ. ಇಲ್ಲಿ ಸುರಿ.”

ಬೂಟು ಹಾಕಿದವರ ಮಾತು. ಎದುರಾಡುವ ಹಾಗಿರಲಿಲ್ಲ. ಗಂಡ ಒಂದು ಗಳಿಗೆ ಅವಳನ್ನು ನೋಡಿ ಮೂಟೆಗೆ ಹೆಗಲು ಕೊಟ್ಟ. ಪಟಾಕಿ ಸಲಿಕೆ ಎತ್ತಿದಳು. ಮುದುಕರು ಜಲ್ಲಿ ಸುರಿದರು, ಹೆಂಗಸರು ಸಾಲಾಗಿ ನಿಂತು ಹೊಳೆಯಿಂದ ಕೊಡಗಳನ್ನು ಕೈಯಿಂದ ಕೈಗೆ ದಾಟಿಸಿದರು. ವರ್ಷಗಟ್ಟಲೆ ಧಣಿಗಾಗಿ ಮಾಡಿದ ಕೆಲಸವೇ, ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ.

ಸಲಿಕೆಯ ಸದ್ದಿಗೆ ಮೇಸ್ತ್ರಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಬಂದ.

“ಏನ್ರೋ ಇದು? ಒಂದು ಕಾಲಿಗೆ ಇಷ್ಟೊಂದು ಸಿಮೆಂಟಾ?”

“ಯಾರ ಕಾಲು ಅಂತ ಸಾಹೇಬ್ರು ಹೇಳ್ಲಿಲ್ವಲ್ಲಪ್ಪ,” ಅಂದಳು ಅತ್ತೆ. “ಅದಕ್ಕೇ ಎಲ್ಲಾರ್ದೂ ಮಾಡ್ತಿದೀವಿ. ಯಾವ್ದು ಬೇಕೋ ಆರಿಸ್ಕೊಳ್ಳಲಿ.”

ಮೇಸ್ತ್ರಿ ಯೋಚಿಸಿದ. ಮಾತಿನಲ್ಲಿ ತಪ್ಪು ಕಾಣಲಿಲ್ಲ. “ಸರಿ, ಬೇಗ ಮುಗಿಸಿ. ಆ ಮೂಲೇಲಿ ತೆಳ್ಳಗಾಗಿದೆ ನೋಡು, ಇನ್ನೊಂದಿಷ್ಟು ಹಾಕು,” ಅಂದು ಸಾರು ಆರುತ್ತದೆಂದು ಒಳಗೆ ಓಡಿದ.

ದಾರಿಯ ಅಗಲಕ್ಕೂ ಸಿಮೆಂಟು ಮೊಣಕಾಲಿನ ಹತ್ತಿರಕ್ಕೆ ಬಂತು. ಅತ್ತೆ ಸೀರೆ ಎತ್ತಿ ಕಟ್ಟಿ ಮೊದಲು ಇಳಿದಳು. “ಅಬ್ಬಾ, ತಣ್ಣಗಿದೆ,” ಅಂದಳು. ಅದು ಆಮೇಲೆ ಸುಡುತ್ತದೆಂದು ಅವಳಿಗೂ ಗೊತ್ತಿತ್ತು. ಅವರೆಲ್ಲರ ಬೆರಳ ಸಂದಿಗಳಲ್ಲಿ ಹಳೆಯ ಸಿಮೆಂಟು ತಿಂದ ಗಾಯಗಳಿದ್ದವು. ಪಟಾಕಿ ಇಳಿದಳು. ಒಬ್ಬೊಬ್ಬರಾಗಿ ಸಾಲು ಇಳಿಯಿತು, ಬೆಳಿಗ್ಗೆ ಸ್ಟೂಲಿನ ಮುಂದೆ ನಿಂತಿದ್ದ ಅದೇ ಸಾಲು.

ಸಾಹೇಬರು ಹಲ್ಲಿಗೆ ಕಡ್ಡಿ ಹಾಕುತ್ತ ಹೊರಗೆ ಬಂದರು. ಕಡ್ಡಿ ಬಾಯಲ್ಲೇ ನಿಂತಿತು. ಹಿಂದೆ ಬಂದ ಧಣಿ ಮೂಟೆಗಳಿದ್ದ ಖಾಲಿ ಜಾಗ ನೋಡಿ ತಲೆ ಮೇಲೆ ಕೈ ಹೊತ್ತ.

“ನನ್ನ ಸಿಮೆಂಟು! ಸೂಳೆಮಕ್ಕಳಾ, ನದಿ ಉಳಿಸೋ ಸಿಮೆಂಟು ಕಣ್ರೋ ಅದು! ಆಚೆ ಬನ್ರೋ! ಲಾರಿ ಹತ್ತಿಸ್ರೋ ಮೇಲೆ!”

ಡ್ರೈವರ್ ಲಾರಿ ಶುರು ಮಾಡಿ, ಮುಂದಿನ ಚಕ್ರ ಹಸಿ ಸಿಮೆಂಟಿಗೆ ತಾಗುವವರೆಗೆ ತಂದು ನಿಲ್ಲಿಸಿದ. ಅತ್ತೆಯ ಮುಖಕ್ಕೂ ಲಾರಿಯ ಮೂತಿಗೂ ಒಂದು ಮೊಳ ಅಂತರವಿತ್ತು. ಮರ ಕೊಯ್ಯುವವರು ಒಬ್ಬರನ್ನೊಬ್ಬರು ನೋಡಿಕೊಂಡರು. ಇವ್ಳಾ ಅಂದವನು ಗರಗಸವನ್ನು ಕಾಲ ಹತ್ತಿರ ಇಟ್ಟು ಕೂತ.

ಮೂಗಿ ಸಾಹೇಬರ ಮುಂದೆ ಬಂದಳು. ಬಗ್ಗಲು ಹೊಟ್ಟೆ ಬಿಡಲಿಲ್ಲ. ನಿಂತಲ್ಲೇ ಒಂದು ಕಾಲಿಂದ ಇನ್ನೊಂದರ ಹಿಮ್ಮಡಿ ಒತ್ತಿ ಬೂಟು ಕಳಚಿದಳು. ಬರಿಗಾಲಲ್ಲೇ ಅವನ್ನು ತಳ್ಳಿ, ಮನೆ ಬಾಗಿಲಲ್ಲಿ ಇಡುವ ಹಾಗೆ ಜೋಡಿಸಿ, ಸಾಹೇಬರ ಪಾದಗಳೆದುರು ಇಟ್ಟಳು.

“ನನ್ನ ಸರದಿ ಮುಗೀತು,” ಅಂದಳು. “ಇನ್ನು ನಿಮ್ದು. ನಿಮಗೆ ಚಿಂದಿ ತುಂಬೋದೂ ಬೇಡ.”

ಆಮೇಲೆ ನಡೆದು ಹೋಗಿ ಗಂಡನಿಗೂ ಅತ್ತೆಗೂ ನಡುವೆ ಬಿಟ್ಟಿದ್ದ ಜಾಗದಲ್ಲಿ ಇಳಿದಳು. ಗಂಡ ಕೈ ಕೊಟ್ಟ. ಸಿಮೆಂಟು ಬೆರಳುಗಳ ಸುತ್ತ ಏರಿ, ಹರಡನ್ನು ಮುಚ್ಚಿ, ಮೊಣಕಾಲಿನ ಕೆಳಗೆ ಬಂದು ನಿಂತಿತು.

“ಎಷ್ಟೊತ್ತಿಗೆ ಗಟ್ಟಿ ಆಗುತ್ತೋ ಇದು?” ಸಾಹೇಬರು ಕೇಳಿದರು. ದನಿ ಸಣ್ಣಗಾಗಿತ್ತು.

“ಬಿಸಿಲು ಹೀಗೇ ಇದ್ರೆ ಸಂಜೆಗೆ, ಸಾಹೇಬ್ರೇ,” ಅಂದ ಮೂಗಿಯ ಗಂಡ. “ಅಲ್ಲೀವರೆಗೆ ನೋಡಿ ಆರಿಸ್ಕೊಳ್ಳಿ. ಎಲ್ಲಾ ಸರಿಯಾಗೇ ಹೊಂದಿದಾವೆ.”

ಲಾರಿ ಗುರುಗುಡುತ್ತಲೇ ಇತ್ತು. ಹಸಿರು ಬೋರ್ಡಿನ ನೆರಳು ಅವರ ಮುಖಗಳ ಮೇಲಿಂದ ನಿಧಾನವಾಗಿ ಸರಿಯಿತು. ಮೂಗಿ ಎಡಗಾಲಿನ ಹೆಬ್ಬೆರಳನ್ನು ಅಲ್ಲಾಡಿಸಿ ನೋಡಿದಳು. ಇನ್ನೂ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅಲ್ಲಾಡಿಸಿದಳು. ಹೊಟ್ಟೆಯೊಳಗೆ ಕೂಸು ಒದೆಯಿತು.